ಬೇಸಿಗೆಯ ಕೆರೆಯಂಗಳದ ಅತಿಥಿಗಳು



ಈ ಪತ್ರಿಕೆಯ ಪಾಠದ ಪುಟದಲ್ಲಿ ಸಾಮಾನ್ಯವಾಗಿ ಚಿಗುರು ತೆಗೆಯುವುದು, ಗೊಬ್ಬರದ ಪ್ರಮಾಣ, ಕಾಫಿಯ ಕಾಯಿಕೊರಕ, ಅಡಿಕೆಯ ಕೊಳೆರೋಗ ಮುಂತಾದ ವಿಷಯಗಳೇ ಬರುತ್ತವೆ. ಈ ಸಲ ಅವನ್ನೆಲ್ಲ ಒಂದು ಸಂಚಿಕೆಯ ಮಟ್ಟಿಗೆ ಬದಿಗಿಟ್ಟು, ನಮ್ಮ ಪಂಪ್‌ಸೆಟ್ಟಿನ ಪಕ್ಕದಲ್ಲೇ ಓಡಾಡಿಕೊಂಡಿದ್ದರೂ ನಮ್ಮ ಗಮನಕ್ಕೆ ಬಾರದ ಕೆಲವು ಹಕ್ಕಿಗಳ ವಿಷಯ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಕೊನೆಯವರೆಗೆ ಓದಿ ನೋಡಿ. ಇದೂ ನೀರಿನ ಪಾಠವೇ, ಆದುದರಿಂದ ತೋಟದ ಪಾಠವೇ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಹೂಮಳೆಯ ಚಿಂತೆ ಶುರುವಾಗಿರುತ್ತದೆ. ಕೆರೆಯ ನೀರು ದಿನದಿನಕ್ಕೆ ಇಳಿಯುತ್ತಾ, ಏರಿಯ ಬುಡದಿಂದ ಹಿಂದೆ ಸರಿಯುತ್ತಾ, ಕೆಸರಿನ ಒಂದು ಅಂಚನ್ನು ಬಿಟ್ಟುಹೋಗುತ್ತಿರುತ್ತದೆ. ನಮ್ಮ ಕಣ್ಣಿಗೆ ಅದು ಕೆರೆ ಬತ್ತುತ್ತಿರುವ ಗುರುತು. ಹಕ್ಕಿಗಳಿಗೆ ಅದು ಎಲೆ ಹಾಕಿ ಬಡಿಸಿಟ್ಟ ಪಂಕ್ತಿ.

ಎರಡು ಬಗೆಯ ಅತಿಥಿಗಳು

ನೀರಿನ ಅಂಚಿನಲ್ಲಿ ಕಾಲಾಡಿಸಿಕೊಂಡು ಮೇಯುವ ಹಕ್ಕಿಗಳನ್ನು ಎರಡು ಗುಂಪಾಗಿ ಮಾಡಿಕೊಂಡರೆ ತಿಳಿಯಲು ಸುಲಭ.

ಮೊದಲನೆಯ ಗುಂಪು ನಮ್ಮವೇ, ಅಂದರೆ ವರ್ಷವಿಡೀ ಈ ಸೀಮೆಯಲ್ಲೇ ಇರುವಂಥವು. ಬೆಳ್ಳಕ್ಕಿ, ಕೊಳದ ಬಕ, ಟಿಟ್ಟಿಭ, ಬಸವನಹುಳ ತಿನ್ನುವ ಬಾಯ್ಕಳಕ ಇವೆಲ್ಲ ಈ ಗುಂಪಿನವು. ಎರಡನೆಯ ಗುಂಪು ದೂರದ ಪ್ರಯಾಣಿಕರು. ಗದ್ದೆಗೊರವಗಳು, ಸ್ನೈಪು ಮತ್ತು ಅವುಗಳ ಬಂಧುಗಳು ಹಿಮಾಲಯದಾಚೆಯಿಂದ, ಸೈಬೀರಿಯದ ಕಾಡು ಜೌಗುಗಳಿಂದ ಮಳೆಗಾಲದ ಕೊನೆಗೆ ಇಲ್ಲಿಗೆ ಇಳಿದು, ಬೇಸಿಗೆಯಲ್ಲಿ ಹಿಂದಿರುಗುತ್ತವೆ.

ವಲಸೆ ಹಕ್ಕಿಯೆಂದರೆ ಚಳಿಗಾಲದ ಮಾತು, ಶಿವರಾತ್ರಿ ಕಳೆದರೆ ಮುಗಿಯಿತು ಎಂಬ ಭಾವನೆ ನಮ್ಮಲ್ಲಿದೆ. ಇದು ಸರಿಯಲ್ಲ. ಗದ್ದೆಗೊರವಗಳನೇಕ ಏಪ್ರಿಲ್ ಕೊನೆಯವರೆಗೂ, ಕೆಲವು ಮೇ ತಿಂಗಳಲ್ಲೂ ನಮ್ಮ ಕೆರೆಗಳಲ್ಲಿ ಇರುತ್ತವೆ. ಹಸಿರು ಗದ್ದೆಗೊರವವಂತೂ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮರಳಿ ಬಂದೇಬಿಡುತ್ತದೆ. ನಾವು ಅಡಿಕೆಗೆ ಎರಡನೆಯ ಔಷಧಿ ಹೊಡೆಯುವ ಸಮಯಕ್ಕೆ ಅದು ಮರಿ ಮಾಡಿ ಮುಗಿಸಿ, ಸಾವಿರಾರು ಮೈಲಿ ಹಾರಿ, ನಮ್ಮ ಗದ್ದೆಯ ಬದುವಿನ ಮೇಲೆ ಕುಳಿತಿರುತ್ತದೆ. ವರ್ಷದ ಹೆಚ್ಚು ತಿಂಗಳು ನಮ್ಮಲ್ಲೇ ಕಳೆಯುವ ಹಕ್ಕಿಯನ್ನು ಪರದೇಶಿ ಎನ್ನುವುದು ಎಷ್ಟು ಸರಿ?

ಪ್ರತಿ ವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುವ ಪದ್ಧತಿ ಏಷ್ಯಾದ ದೇಶಗಳಲ್ಲಿ 1987ರಿಂದ ಇದೆ. ಅದು ಚಳಿಗಾಲದ ಲೆಕ್ಕ. ಬೇಸಿಗೆಯಲ್ಲಿ ಸಣ್ಣ ಸಣ್ಣ ಕೆರೆಗಳಲ್ಲಿ ಏನು ಉಳಿದಿದೆ ಎಂಬುದನ್ನು ನೋಡುವವರು ಕಡಮೆ. ಆ ಕೆರೆಗಳ ಬದಿಗೆ ದಿನಕ್ಕೆರಡು ಸಲ ಪಂಪು ಹಾಕಲು, ತೆಗೆಯಲು ಹೋಗುವವರು ನಾವೇ.

ಗುರುತು ಹಿಡಿಯುವ ಬಗೆ

ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಬೆಳಗಿನ ಏಳು ಗಂಟೆಯ ಬೆಳಕಿನಲ್ಲಿ ಏರಿಯ ಮೇಲೆ ಸುಮ್ಮನೆ ಹತ್ತು ನಿಮಿಷ ಕುಳಿತರೆ ಕೆಳಗಿನವುಗಳನ್ನು ಗುರುತಿಸಬಹುದು.

ಸಾಮಾನ್ಯ ಗದ್ದೆಗೊರವ: ಮೇಲೆ ಕಂದು, ಕೆಳಗೆ ಅಚ್ಚ ಬಿಳಿ. ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಒಂದು ಬೆಣೆಯಂತೆ ಮೇಲಕ್ಕೆ ಏರಿರುತ್ತದೆ. ನಿಂತಲ್ಲಿ ನಿಲ್ಲದೆ ಹಿಂಭಾಗವನ್ನು ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಎದ್ದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಅದುರಿಸುತ್ತಾ ಹಾರುತ್ತದೆ. ಈ ಜಾತಿಯ ಕೆಲವು ಕಾಶ್ಮೀರ, ಲಡಾಖ್ ಕಡೆಯ ತೊರೆಗಳಲ್ಲೇ ಮರಿ ಮಾಡುತ್ತವೆ.

ಹಸಿರು ಗದ್ದೆಗೊರವ: ಹೆಸರು ಹಸಿರಾದರೂ ನೋಡಲು ಕಪ್ಪುಗಂದು. ಒಂಟಿಯಾಗಿ ತೋಡು, ಸಣ್ಣ ಹೊಂಡಗಳ ಬಳಿ ಇರುತ್ತದೆ. ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆಯುತ್ತದೆ, ರೆಕ್ಕೆಯ ಅಡಿಭಾಗ ಕಪ್ಪಾಗಿ ಕಾಣುತ್ತದೆ. ಗೊರವಗಳು ಹೆಚ್ಚಾಗಿ ನೆಲದ ಮೇಲೆ ಗೂಡು ಮಾಡಿದರೆ ಇದು ಉತ್ತರದ ಕಾಡುಗಳಲ್ಲಿ ಮರದ ಮೇಲೆ ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ.

ಅಡವಿ ಗದ್ದೆಗೊರವ: ಬೆನ್ನ ಮೇಲೆ ಚುಕ್ಕೆಗಳು, ಕಣ್ಣಿನ ಮೇಲೆ ಮಾಸಲು ಬಿಳಿಯ ಹುಬ್ಬು, ಹಳದಿ ಬೆರೆತ ಕಾಲು. ಕೊಯ್ದ ಗದ್ದೆಯಲ್ಲಿ ನೀರು ನಿಂತಿದ್ದರೆ ನಾಲ್ಕಾರು ಒಟ್ಟಿಗೆ ಮೇಯುತ್ತಿರುತ್ತವೆ. ಅರವತ್ತು ಎಪ್ಪತ್ತು ಗ್ರಾಂ ತೂಕ, ಅಂದರೆ ಸುಮಾರು ಎರಡು ಹಣ್ಣಡಿಕೆಯಷ್ಟು.

ಸ್ನೈಪು: ಹಡ್ಲು ಗದ್ದೆಯ ಹುಲ್ಲಿನಲ್ಲಿ ಕಾಲಿಡುವವರೆಗೂ ಕಾಣದೆ, ಕಾಲ ಬುಡದಿಂದ ಒಮ್ಮೆಲೇ ಎದ್ದು ಅಂಕುಡೊಂಕಾಗಿ ಹಾರಿಹೋಗುವ ಉದ್ದ ಕೊಕ್ಕಿನ ಹಕ್ಕಿ. ಹಿಂದಿನ ಕಾಲದಲ್ಲಿ ದೊರೆಗಳು ಇದರ ಬೇಟೆಗೆಂದೇ ಗದ್ದೆ ಬಯಲುಗಳಿಗೆ ಬರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಈ ಹಕ್ಕಿಗಳನ್ನು ಹೊಡೆಯುವುದು ಅಪರಾಧವಾಗಿದೆ.

ಮೆಟ್ಟುಗಾಲು ಹಕ್ಕಿ: ಕೆಂಪು ಕಡ್ಡಿಯಂಥ ಉದ್ದ ಕಾಲು, ಬಿಳಿ ಮೈ, ಕಪ್ಪು ರೆಕ್ಕೆ. ಒಮ್ಮೆ ನೋಡಿದರೆ ಮರೆಯುವ ಹಕ್ಕಿಯಲ್ಲ. ಇದರಲ್ಲಿ ಇಲ್ಲೇ ಉಳಿಯುವವೂ ಉಂಟು, ಬಂದುಹೋಗುವವೂ ಉಂಟು.

ಟಿಟ್ಟಿಭ: ಇದನ್ನು ನೋಡದಿದ್ದವರೂ ರಾತ್ರಿ ನೀರು ಕಟ್ಟಲು ಹೋದಾಗ ಇದರ ಕೂಗು ಕೇಳಿರುತ್ತಾರೆ. ಕಣ್ಣಿನ ಮುಂದೆ ಕೆಂಪು ಚರ್ಮದ ತುಂಡು, ಹಳದಿ ಕಾಲು. ಗೊರವಗಳು ಹೊರಡುವ ತಿಂಗಳಲ್ಲಿಯೇ ಇದು ಬರೀ ನೆಲದ ಮೇಲೆ ನಾಲ್ಕು ಕಲ್ಲು ಸರಿಸಿಕೊಂಡು ಮೊಟ್ಟೆಯಿಡುತ್ತದೆ.

ಬೆಳ್ಳಕ್ಕಿ ಮತ್ತು ಕೊಳದ ಬಕಗಳನ್ನು ಎಲ್ಲರೂ ಬಲ್ಲಿರಿ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಅವುಗಳ ಬಣ್ಣ ನೋಡಿದ್ದೀರಾ? ದನಗಳ ಹಿಂದೆ ಓಡಾಡುವ ಬೆಳ್ಳಕ್ಕಿಗೆ ತಲೆ, ಕುತ್ತಿಗೆಯ ಮೇಲೆ ಹೊಂಬಣ್ಣ ಮೂಡುತ್ತದೆ. ಮಣ್ಣಿನ ಬಣ್ಣದ ಕೊಳದ ಬಕದ ಬೆನ್ನು ಗಾಢವಾದ ಕಂದುಗೆಂಪಾಗುತ್ತದೆ. ಮಳೆಗಾಲದಲ್ಲಿ ಗೂಡು ಕಟ್ಟಲು ಮಾಡಿಕೊಳ್ಳುವ ಮದುವೆಯ ಸಿದ್ಧತೆ ಅದು. ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ, ಸೊರಬ ತಾಲೂಕಿನ ಗುಡವಿ ಕೆರೆಯಲ್ಲಿ, ಮಳೆಗಾಲ ಹಿಡಿದ ಮೇಲೆ ಸೇರುವ ಬೆಳ್ಳಕ್ಕಿಗಳು ಬೇಸಿಗೆಯಲ್ಲಿ ಎಲ್ಲಿ ಮೇಯುತ್ತವೆ? ನಮ್ಮ ನಿಮ್ಮ ಕೆರೆ, ಗದ್ದೆ, ತೋಡುಗಳಲ್ಲಿಯೇ.

ಕೆಸರಿನಲ್ಲಿ ಏನಿದೆ?

ನೀರು ಇಳಿದಾಗ ಬಿಟ್ಟುಹೋಗುವ ಕೆಸರು ನಮಗೆ ಬರೀ ಹೂಳು. ಆದರೆ ಅದರ ಒಂದು ಹಿಡಿಯನ್ನು ಬಿಳಿ ತಟ್ಟೆಯಲ್ಲಿ ಹಾಕಿ ನೀರು ಬಿಟ್ಟು ನೋಡಿ. ಕೆಂಪು ದಾರದ ತುಂಡಿನಂತಿರುವ ನೊಣಜಾತಿಯ ಮರಿಹುಳುಗಳು, ಸಣ್ಣ ಎರೆಹುಳುಗಳು, ಸಾಸಿವೆ ಗಾತ್ರದ ಬಸವನಹುಳುಗಳು ಕಾಣುತ್ತವೆ.

ಹಕ್ಕಿಯ ಕೊಕ್ಕಿನ ಉದ್ದ ನೋಡಿದರೆ ಅದು ಯಾವ ಪದರದಲ್ಲಿ ಮೇಯುತ್ತದೆಂದು ಹೇಳಬಹುದು. ಕುತ್ತಿಗೆಗೆ ಕಪ್ಪು ಪಟ್ಟಿ ಕಟ್ಟಿದಂತಿರುವ ಸಣ್ಣ ಗೊರವದ ಕೊಕ್ಕು ಗಿಡ್ಡ. ಅದು ಮೇಲ್ಮೈ ಮೇಲೆ ಕಂಡದ್ದನ್ನು ಓಡಿಹೋಗಿ ಹೆಕ್ಕುತ್ತದೆ. ಗದ್ದೆಗೊರವ ಸ್ವಲ್ಪ ಕೆಳಗೆ ಕೈಹಾಕುತ್ತದೆ. ಸ್ನೈಪು ತನ್ನ ಉದ್ದನೆಯ ಕೊಕ್ಕನ್ನು ಬುಡದವರೆಗೂ ಇಳಿಸಿ, ಕಾಣದ ಹುಳುವನ್ನು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಹಿಡಿಯುತ್ತದೆ. ಮೆಟ್ಟುಗಾಲು ಹಕ್ಕಿ ಉಳಿದವು ನಿಲ್ಲಲಾರದ ಆಳದ ನೀರಿನಲ್ಲಿ ನಿಂತು ಮೇಯುತ್ತದೆ. ಒಂದೇ ಅಂಚಿನಲ್ಲಿ ನಾಲ್ಕು ಜಾತಿ ಕಾದಾಡದೆ ಉಣ್ಣುವ ಗುಟ್ಟು ಇದು. ನಾವು ಒಂದೇ ಎಕರೆಯಲ್ಲಿ ಅಡಿಕೆ, ಕಾಫಿ, ಮೆಣಸಿನ ಬಳ್ಳಿ, ಏಲಕ್ಕಿ ಬೆಳೆಯುವುದಿಲ್ಲವೇ, ಹಾಗೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ ಒಂದಿದೆ. ಸಣ್ಣ ಗೊರವಗಳಿಗೆ ಬೇಕಾದದ್ದು ತುಂಬಿದ ಕೆರೆಯಲ್ಲ, ಬತ್ತಿ ಬಿರುಕು ಬಿಟ್ಟ ಕೆರೆಯೂ ಅಲ್ಲ. ಒಂದೆರಡು ಅಂಗುಲ ನೀರು ಮತ್ತು ಅದರ ಪಕ್ಕದ ಹಸಿ ಕೆಸರು. ನೀರು ನಿಧಾನವಾಗಿ ಇಳಿಯುತ್ತಿದ್ದರೆ ಪ್ರತಿದಿನವೂ ಹೊಸ ಕೆಸರು ತೆರೆದುಕೊಳ್ಳುತ್ತದೆ, ಪ್ರತಿದಿನವೂ ಊಟ ಸಿಗುತ್ತದೆ. ಎರಡು ದಿನದಲ್ಲಿ ಪೂರ್ತಿ ಎಳೆದುಬಿಟ್ಟರೆ ಒಂದು ದಿನದ ಹಬ್ಬ, ಆಮೇಲೆ ಉಪವಾಸ.

ಬೇಸಿಗೆಯ ಊಟ ಏಕೆ ಮುಖ್ಯ?

ಹಿಂದಿರುಗುವ ಹಕ್ಕಿ ಖಾಲಿ ಹೊಟ್ಟೆಯಲ್ಲಿ ಹೊರಡಲಾರದು. ಹೊರಡುವ ಮೊದಲಿನ ಕೆಲವು ವಾರಗಳಲ್ಲಿ ಅದು ಎಡೆಬಿಡದೆ ತಿಂದು, ತಿಂದದ್ದನ್ನು ಕೊಬ್ಬಾಗಿ ಚರ್ಮದ ಕೆಳಗೆ ಕೂಡಿಡುತ್ತದೆ. ತನ್ನ ಮೈತೂಕದ ಅರ್ಧದಷ್ಟನ್ನೂ ಹೀಗೆ ಕೂಡಿಟ್ಟುಕೊಳ್ಳುವ ಗೊರವ ಜಾತಿಗಳುಂಟು. ದಾರಿಯಲ್ಲಿ ಅದೇ ಅದರ ಡೀಸೆಲ್ಲು. ಈ ಬಳಗದ ಹಕ್ಕಿಗಳ ಶಕ್ತಿ ಎಷ್ಟೆಂಬುದಕ್ಕೆ ಒಂದು ಉದಾಹರಣೆ: 2022ರ ಅಕ್ಟೋಬರಿನಲ್ಲಿ ಗಾಡ್‌ವಿಟ್ ಎಂಬ ಜಾತಿಯ ಒಂದು ಎಳೆಯ ಹಕ್ಕಿ, ಮೈಗೆ ಕಟ್ಟಿದ ಸಣ್ಣ ಯಂತ್ರದ ದಾಖಲೆಯಂತೆ, ಅಲಾಸ್ಕದಿಂದ ಹೊರಟು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ತಲುಪಿತು. ನಮ್ಮ ಗದ್ದೆಗೊರವಗಳು ಅಷ್ಟು ಉದ್ದದ ಹಾರಾಟ ಮಾಡುವುದಿಲ್ಲ. ಅಲ್ಲಲ್ಲಿ ಇಳಿದು, ಉಂಡು, ಮುಂದೆ ಹೋಗುತ್ತವೆ. ಆದುದರಿಂದಲೇ ದಾರಿಯುದ್ದಕ್ಕೂ ಸಣ್ಣ ಸಣ್ಣ ಛತ್ರಗಳು ಬೇಕು.

ಸೈಬೀರಿಯದಿಂದ ಹಿಂದೂ ಮಹಾಸಾಗರದವರೆಗಿನ ಈ ಹಾದಿಗೆ ಮಧ್ಯ ಏಷ್ಯಾ ಹಾರುಹಾದಿ ಎಂದು ಹೆಸರು. ಸುಮಾರು ಮೂವತ್ತು ದೇಶಗಳು ಇದರಲ್ಲಿ ಸೇರಿವೆ. ದೊಡ್ಡ ಛತ್ರಗಳಿಗೆ ಈಗ ಮನ್ನಣೆಯೂ ಸಿಕ್ಕಿದೆ. ನಮ್ಮ ರಾಜ್ಯದಲ್ಲಿ ರಂಗನತಿಟ್ಟು 2022ರಲ್ಲಿ, ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಆದರೆ ದೊಡ್ಡ ಛತ್ರಗಳ ನಡುವೆ ನಮ್ಮ ಎರಡೆಕರೆ, ಮೂರೆಕರೆ ಕೆರೆಗಳಿವೆ. ಅವು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳ ಕೀಲಿಕೈ ಇರುವುದು ಸರ್ಕಾರದ ಬಳಿ ಅಲ್ಲ, ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ.

ನಾನು ಮಾಡಿದ ತಪ್ಪು

ಉಪದೇಶ ಮಾಡುವವನು ತನ್ನ ಲೆಕ್ಕ ಮೊದಲು ಒಪ್ಪಿಸಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಿದ್ದು ನೆನಪಿದೆಯಷ್ಟೆ. ಮರುವರ್ಷ, 2024ರ ಮಾರ್ಚಿನಲ್ಲಿ, ಮೋಡದ ಸುಳಿವೂ ಇರಲಿಲ್ಲ. ರೋಬಸ್ಟಾ ಮೊಗ್ಗು ಕಾಯುತ್ತಾ ನಿಂತಿತ್ತು. ತೋಟದ ಕೆಳಗಿನ ಕೆರೆಯಲ್ಲಿ ಮಧ್ಯಕ್ಕೆ ಸ್ವಲ್ಪ ನೀರು ಉಳಿದಿತ್ತು. ಆ ನೀರಿನ ನಡುವೆ ಹೂಳಿನ ಒಂದು ದಿಬ್ಬ. ದಿಬ್ಬದ ಮೇಲೆ ಒಂದು ಜೋಡಿ ಟಿಟ್ಟಿಭ ನಾಲ್ಕು ಮೊಟ್ಟೆಗಳನ್ನು, ಮೊನೆಗಳೆಲ್ಲ ಒಳಮುಖವಾಗಿ, ಒಪ್ಪವಾಗಿ ಇಟ್ಟಿತ್ತು. ಮಧ್ಯಾಹ್ನದ ಬಿಸಿಲಿಗೆ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕುಳಿತು ಅವನ್ನು ತಂಪು ಮಾಡುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಎರಡು ಅಡವಿ ಗದ್ದೆಗೊರವಗಳೂ ಅಂಚಿನಲ್ಲಿ ಮೇಯುತ್ತಿದ್ದವು.

ಇದೆಲ್ಲ ಗೊತ್ತಿದ್ದೂ ನಾನು ಎರಡು ಹಗಲು, ಎರಡು ರಾತ್ರಿ ಪಂಪು ಓಡಿಸಿದೆ. ಎರಡನೆಯ ರಾತ್ರಿ ಪಂಪು ನೋಡಿಕೊಳ್ಳುತ್ತಿದ್ದ ನಮ್ಮ ಹಳೆಯ ಆಳು ಬಂದು, "ಅಯ್ಯಾ, ಫುಟ್‌ವಾಲ್ವು ಕೆಸರು ಎಳೀತಾ ಇದೆ, ನಿಲ್ಸಾಣಾ?" ಎಂದ. "ಇನ್ನೊಂದು ಗಂಟೆ ಹೋಗಲಿ" ಎಂದೆ. ಬೆಳಿಗ್ಗೆ ಹೋಗಿ ನೋಡಿದರೆ ದಿಬ್ಬದ ಸುತ್ತ ನೀರಿರಲಿಲ್ಲ. ಕೆಸರಿನ ಮೇಲೆ ನಾಯಿಯ ಹೆಜ್ಜೆಗಳು ದಿಬ್ಬದವರೆಗೆ ಹೋಗಿ ಹಿಂದಿರುಗಿದ್ದವು. ಮೊಟ್ಟೆಯ ಚಿಪ್ಪು ಎರಡು ಚೂರು ಬಿದ್ದಿತ್ತು. ಜೋಡಿ ಹಕ್ಕಿ ಆ ದಿನವೆಲ್ಲ ಕೆರೆಯ ಮೇಲೆ ಕೂಗುತ್ತಾ ಸುತ್ತಿತು.

ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕೊಂಡೊಯ್ದ ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅಲ್ಲಿ ಹಕ್ಕಿಗಳು ಗರುಡನ ಮೊರೆಹೊಕ್ಕು ಸಮುದ್ರದಿಂದ ಮೊಟ್ಟೆ ವಾಪಸು ಪಡೆದವು. ನನ್ನ ಕೆರೆಯ ಟಿಟ್ಟಿಭಕ್ಕೆ ಯಾವ ಗರುಡನೂ ಇರಲಿಲ್ಲ.

ಹೋಗಲಿ, ತೋಟಕ್ಕಾದರೂ ಲಾಭವಾಯಿತೇ ಎಂದರೆ ಅದೂ ಇಲ್ಲ. ಹೂವೇನೋ ಅರಳಿತು, ಬೆಟ್ಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಯಿತು. ಆದರೆ ಹೂವಾದ ಎರಡು ಮೂರು ವಾರಗಳೊಳಗೆ ಬ್ಯಾಕಿಂಗ್ ನೀರು ಕೊಡದಿದ್ದರೆ ರೋಬಸ್ಟಾದಲ್ಲಿ ಕಾಯಿ ನಿಲ್ಲುವುದಿಲ್ಲ ಎಂಬುದು ನಿಮಗೆಲ್ಲ ತಿಳಿದದ್ದೇ. ಕೆರೆ ಖಾಲಿ, ಮಳೆ ಇಲ್ಲ. ಹೂವು ಬಹುಪಾಲು ಒಣಗಿ ಉದುರಿತು. ಇರುವ ನೀರನ್ನು ಅರ್ಧ ತೋಟಕ್ಕೆ ಮಾತ್ರ ಎರಡು ಸಲ ಕೊಟ್ಟಿದ್ದರೆ ಆ ಅರ್ಧವಾದರೂ ಉಳಿಯುತ್ತಿತ್ತು. ಪೂರ್ತಿ ತೋಟಕ್ಕೆ ಆಸೆಪಟ್ಟು ಎರಡನ್ನೂ ಕಳೆದುಕೊಂಡೆ. ಹಕ್ಕಿಗೆ ಬಿಟ್ಟ ಅಡಿ ನೀರಿನಿಂದ ನನ್ನ ಬೆಳೆ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅದು ಸುಳ್ಳಾಗುತ್ತದೆ. ಕೆರೆಯ ತಳ ಕಾಣುವವರೆಗೆ ಎಳೆಯುವ ಮನಸ್ಸು ಹಕ್ಕಿಗೂ ಕೇಡು, ಬೆಳೆಗಾರನಿಗೂ ಕೇಡು ಎಂಬುದಷ್ಟೇ ನಾನು ಕಲಿತ ಪಾಠ.

ಲೆಕ್ಕ ಹಾಕೋಣ

"ಹಕ್ಕಿ ನೋಡಿಕೊಂಡು ಕೂತರೆ ಸೊಸೈಟಿ ಸಾಲ ಯಾರು ಕಟ್ಟುತ್ತಾರೆ ಸ್ವಾಮೀ?" ಎಂದು ನಮ್ಮ ಸದಸ್ಯರೊಬ್ಬರು ಸಭೆಯಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹಾಕೋಣ.

ಒಂದು ಎಕರೆಯ ಮೇಲೆ ಒಂದು ಅಂಗುಲ ನೀರೆಂದರೆ ಸುಮಾರು 1,03,000 ಲೀಟರ್. ಸ್ಪ್ರಿಂಕ್ಲರಿನಲ್ಲಿ ಹೂವಿಗೆ ಒಂದೂವರೆ ಅಂಗುಲ ಕೊಡುತ್ತೇವೆಂದು ಇಟ್ಟುಕೊಳ್ಳೋಣ. ಬೇಸಿಗೆಯ ಕೊನೆಗೆ ಕೆರೆಯಲ್ಲಿ ಅರ್ಧ ಎಕರೆ ಅಗಲಕ್ಕೆ ಸರಾಸರಿ ಅರ್ಧ ಅಡಿ ನೀರು ಬಿಟ್ಟರೆ ಅದು ಮೂರು ಎಕರೆ-ಅಂಗುಲ, ಅಂದರೆ ಸುಮಾರು 3,09,000 ಲೀಟರ್. ಈ ನೀರಿನಿಂದ ಎರಡು ಎಕರೆಗೆ ಒಂದು ಹೂಮಳೆ ಮಾಡಬಹುದಾಗಿತ್ತು. ನಾವು ಬಿಡಬೇಕಾದ ಬೆಲೆ ಇಷ್ಟು.

ನಾಲ್ಕೆಕರೆಯ ಹಿಡುವಳಿದಾರನೊಬ್ಬನೇ ಇದನ್ನು ಹೊರಬೇಕೆಂದರೆ ಅನ್ಯಾಯ. ಆದರೆ ನಮ್ಮ ಕೆರೆಗಳು ಹೆಚ್ಚಾಗಿ ಹಲವು ಮನೆಗಳಿಗೆ ಸೇರಿದವು. ಎಂಟು ಮನೆಗಳು ಹಂಚಿಕೊಂಡರೆ ಮನೆಗೆ ಹತ್ತು ಗುಂಟೆಯ ಹೂಮಳೆ. ಸ್ಪ್ರಿಂಕ್ಲರ್ ಸೋರುವ ಜಾಯಿಂಟುಗಳಿಗೆ ಹೊಸ ವಾಷರ್ ಹಾಕಿಸಿದರೆ, ಗಾಳಿ ಇಳಿದ ಮೇಲೆ ರಾತ್ರಿ ಜೆಟ್ ಓಡಿಸಿದರೆ, ಅಡಿಕೆಗೆ ಪಾತಿ ತುಂಬಿಸುವ ಬದಲು ಹನಿ ನೀರಾವರಿ ಮಾಡಿದರೆ ಇದರಲ್ಲಿ ಬಹುಪಾಲು ನೀರು ಅಲ್ಲೇ ಉಳಿತಾಯವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಹಕ್ಕಿಗಳು ನಮಗೇನು ಕೊಡುತ್ತವೆ? ಗೊರವಗಳು ಕಾಫಿಯ ಕಾಯಿಕೊರಕವನ್ನು ತಿಂದು ಮುಗಿಸುತ್ತವೆ ಎಂದು ನಾನು ಹೇಳಲಾರೆ. ಅವು ಕೆಸರಿನ ಹುಳ ತಿನ್ನುವ ಹಕ್ಕಿಗಳು. ಅವುಗಳಿಂದ ದೊರೆಯುವುದು ಒಂದು ವರದಿ ಮಾತ್ರ. ಕೆಸರಿನಲ್ಲಿ ಹುಳುವಿದ್ದರೆ ಗೊರವವಿರುತ್ತದೆ. ನೀರಿನಲ್ಲಿ ವಿಷ ಸೇರಿದ್ದರೆ, ಪಲ್ಪಿಂಗ್ ನೀರು ಬಿದ್ದು ಕೆರೆ ಕೊಳೆತಿದ್ದರೆ, ಹುಳುಗಳು ಹೋಗುತ್ತವೆ, ಹಿಂದೆಯೇ ಹಕ್ಕಿಯೂ ಹೋಗುತ್ತದೆ. ಅದೇ ಕೆರೆಯ ಬುಡದ ಬಾವಿಯಿಂದ ನಾವು ಕುಡಿಯುತ್ತೇವೆ. ಖರ್ಚಿಲ್ಲದ ಈ ವರದಿಯನ್ನು ಓದಲು ಬರಬೇಕಷ್ಟೆ.

ಬೇರೆಯವರಿಂದ ಕಲಿಯಬಹುದಾದದ್ದು

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಕೇಳಿದ್ದೀರಿ. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಕಾಡಿನಲ್ಲಲ್ಲ, ಊರ ನಡುವಿನ ಹುಣಸೆ ಮರಗಳ ಮೇಲೆಯೇ ಬೇಸಿಗೆಯಲ್ಲಿ ಮರಿ ಮಾಡುತ್ತವೆ. ಊರವರು ಅವನ್ನು ಮನೆಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡು ಬಂದಿದ್ದಾರೆ. ಮರದ ಬುಡದಲ್ಲಿ ಗುಂಡಿ ತೆಗೆದು, ಬಿದ್ದ ಹಿಕ್ಕೆಯನ್ನು ಮಣ್ಣಿನೊಂದಿಗೆ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಂಡಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಕಾನೂನು ಬಂದದ್ದು ಆಮೇಲೆ. ಕಾಪಾಡಿದವರು ಮೊದಲು ಊರವರು.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ನಡುವೆ ಬೋಳು ದ್ವೀಪಗಳು ಮೇಲೇಳುತ್ತವೆ. ಅಲ್ಲಿ ರೀವ ಹಕ್ಕಿಗಳು ಸೇರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಇದು ಗೊರವವಲ್ಲ, ನೀರಿನ ಮೇಲೆ ಹಾರುತ್ತಾ ಮೀನು ಹಿಡಿಯುವ ಹಕ್ಕಿ: ಕಪ್ಪು ಟೋಪಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಆದರೆ ಇದರ ಕಷ್ಟವೂ ನನ್ನ ಕೆರೆಯ ಟಿಟ್ಟಿಭದ ಕಷ್ಟವೇ. ನೀರು ತೀರಾ ಇಳಿದು ದ್ವೀಪವು ದಡಕ್ಕೆ ಸೇರಿದರೆ ನಾಯಿ ನರಿಗಳು ಬರುತ್ತವೆ. ಹಠಾತ್ತನೆ ಏರಿದರೆ ಗೂಡು ಮುಳುಗುತ್ತದೆ. ಹೊಳೆಗಳ ಮರಳು ದಿಣ್ಣೆಗಳು ಕಡಮೆಯಾಗುತ್ತಿರುವುದರಿಂದ ಈ ಹಕ್ಕಿಯನ್ನು 2020ರಿಂದ ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಗೆ ಸೇರಿಸಲಾಗಿದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಿನ್ನೀರಿನ ಕಡೆ ಹೋಗುವವರು ದೂರದಿಂದ ನೋಡಿ ಸಂತೋಷಪಡಿ. ದ್ವೀಪದ ಮೇಲೆ ಮಾತ್ರ ಕಾಲಿಡಬೇಡಿ.

ನಾವು ಮಾಡಬಹುದಾದ ಆರು ಕೆಲಸಗಳು

1. ಕೆರೆಯಲ್ಲಿ ಒಂದು ಕಲ್ಲು ನೆಡಿ. ಪಾಲುದಾರರೆಲ್ಲ ಸೇರಿ, ನೀರು ಈ ಕಲ್ಲಿನ ಬುಡಕ್ಕೆ ಬಂದ ಮೇಲೆ ಪಂಪು ಹಾಕುವುದಿಲ್ಲವೆಂದು ಒಪ್ಪಿಕೊಳ್ಳಿ. ಒಬ್ಬನೇ ಬಿಟ್ಟರೆ ಇನ್ನೊಬ್ಬ ಎಳೆಯುತ್ತಾನೆ. ಆದುದರಿಂದ ಒಪ್ಪಂದ ಎಲ್ಲರದ್ದಾಗಿರಬೇಕು.

2. ಎರಡು ಸಲ ಕೊಡಲು ಆಗುವಷ್ಟು ಎಕರೆಗೆ ಮಾತ್ರ ಹೂವಿನ ನೀರು ಕೊಡಿ. ಮೊದಲು ಕೆರೆಯ ನೀರನ್ನು ಅಳೆದು, ಬ್ಯಾಕಿಂಗ್ ನೀರನ್ನು ಬದಿಗಿಟ್ಟು, ಆಮೇಲೆ ಪೈಪು ಎಳೆಯಿರಿ.

3. ಹೂಳೆತ್ತಿಸುವಾಗ ನಾಲ್ಕೂ ಬದಿಯನ್ನು ಜೆಸಿಬಿಯಿಂದ ಗೋಡೆಯಂತೆ ಕಡಿಸಬೇಡಿ. ಒಂದು ಬದಿಯಾದರೂ ಇಳಿಜಾರಾಗಿರಲಿ. ಪ್ಲಾಸ್ಟಿಕ್ ಹಾಸಿದ ಕಡಿದಾದ ಕೃಷಿಹೊಂಡ ನೀರಿಡಲು ಒಳ್ಳೆಯದೇ ಆದರೂ ಅಲ್ಲಿ ಗೊರವಕ್ಕೆ ಕಾಲೂರಲು ಜಾಗವಿಲ್ಲ. ಬಿದ್ದ ಕರುವಿಗೆ ಹತ್ತಿಬರಲೂ ದಾರಿಯಿಲ್ಲ.

4. ಬೋರ್ಡೋ ಬೆರೆಸಿದ ಡ್ರಮ್ಮು, ಸ್ಪ್ರೇಯರುಗಳನ್ನು ಕೆರೆ ತೋಡುಗಳಲ್ಲಿ ತೊಳೆಯಬೇಡಿ. ಮೈಲುತುತ್ತ ಬಸವನಹುಳುಗಳನ್ನು ಕೊಲ್ಲುವ ವಿಷ; ಬಸವನಹುಳವಿಲ್ಲದ ಕೆರೆಗೆ ಬಾಯ್ಕಳಕ ಬರುವುದಿಲ್ಲ. ತೊಳೆದ ನೀರನ್ನು ಮುಂದಿನ ಡ್ರಮ್ಮಿನ ದ್ರಾವಣಕ್ಕೇ ಸೇರಿಸಿಕೊಳ್ಳಿ. ಪಲ್ಪಿಂಗ್ ನೀರನ್ನು ಗುಂಡಿಯಲ್ಲಿ ತಡೆದು ಸಂಸ್ಕರಿಸದೆ ತೋಡಿಗೆ ಬಿಡಬೇಡಿ.

5. ಹಡ್ಲು ಗದ್ದೆಯನ್ನೆಲ್ಲ ಅಡಿಕೆ ತೋಟ ಮಾಡುವ ಮುಂಚೆ ಯೋಚಿಸಿ. ಬಸಿಗಾಲುವೆ ಎಷ್ಟು ತೆಗೆದರೂ ನೀರು ನಿಲ್ಲುವ ಮೂಲೆ ಪ್ರತಿ ಗದ್ದೆಯಲ್ಲೂ ಒಂದಿರುತ್ತದೆ. ಅಲ್ಲಿ ಹಾಕಿದ ಅಡಿಕೆ ಸಸಿ ಹೇಗೂ ಏಳುವುದಿಲ್ಲ. ಆ ಮೂಲೆಯನ್ನು ಹಾಗೆಯೇ ಬಿಡಿ.

6. ಮಾರ್ಚ್‌ನಿಂದ ಜೂನ್‌ವರೆಗೆ ಕೆರೆಯಂಗಳದಲ್ಲಿ ಟಿಟ್ಟಿಭ ತಲೆಯ ಮೇಲೆ ಕೂಗಾಡಿದರೆ ನಿಂತು ಕೆಳಗೆ ನೋಡಿ. ಹತ್ತಿರದಲ್ಲೇ ಮೊಟ್ಟೆಯಿದೆ ಎಂದರ್ಥ. ಟ್ರಾಕ್ಟರು, ಹೂಳಿನ ಟಿಪ್ಪರುಗಳು ಆ ಜಾಗವನ್ನು ಬಳಸಿಹೋಗುವಂತೆ ಎರಡು ಕೋಲು ನೆಟ್ಟು ಗುರುತು ಮಾಡಿ. ಮೊಟ್ಟೆ ಒಡೆದು ಮರಿಯಾಗಲು ಬೇಕಾದದ್ದು ಸುಮಾರು ನಾಲ್ಕು ವಾರ; ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ನಡೆದುಹೋಗುತ್ತವೆ.

ಮನೆಪಾಠ

ಸಂಘದ ಡೈರಿಯಲ್ಲಿ ಪ್ರತಿ ಭಾನುವಾರದ ಪುಟದ ಕೆಳಗೆ ನಾಲ್ಕು ವಿಷಯ ಬರೆದಿಡಿ: ಕೆರೆಯ ನೀರು ಕಲ್ಲಿನಿಂದ ಎಷ್ಟು ಮೇಲಿದೆ, ಯಾವ ಹಕ್ಕಿ ಕಂಡಿತು, ಎಷ್ಟು ಕಂಡವು, ಏನು ಮಾಡುತ್ತಿದ್ದವು. ಹೆಸರು ತಿಳಿಯದಿದ್ದರೆ ಕಾಲಿನ ಬಣ್ಣ, ಕೊಕ್ಕಿನ ಉದ್ದ, ಹಾರಿದಾಗ ಬಿಳಿ ಎಲ್ಲಿ ಕಂಡಿತು ಎಂಬುದನ್ನು ಬರೆದರೆ ಸಾಕು. ಮಕ್ಕಳ ಕೈಯಲ್ಲಿ ಫೋನಿದೆ, ಚಿತ್ರ ತೆಗೆಸಿ. ಮುಖ್ಯವಾಗಿ, ಕೊನೆಯ ಗದ್ದೆಗೊರವ ಕಂಡ ದಿನವನ್ನೂ ಮಳೆಗಾಲದಲ್ಲಿ ಮೊದಲನೆಯದು ಮರಳಿ ಬಂದ ದಿನವನ್ನೂ ತಪ್ಪದೆ ಬರೆಯಿರಿ. ಮಳೆ ಲೆಕ್ಕವನ್ನು ಅಜ್ಜನ ಕಾಲದಿಂದ ಅಂಗುಲ, ಸೆಂಟಿನಲ್ಲಿ ಬರೆದಿಟ್ಟ ಮನೆತನಗಳು ನಮ್ಮವು. ಮಳೆ ಅಳೆಯುವ ಕೈಗೆ ಹಕ್ಕಿ ಎಣಿಸುವುದು ಭಾರವಲ್ಲ.

ಇದು ಹೊಸ ಹವ್ಯಾಸವೂ ಅಲ್ಲ. ಮೂಡಿಗೆರೆಯ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರು ತೋಟ ನೋಡಿಕೊಳ್ಳುತ್ತಲೇ ಹಕ್ಕಿಗಳ ಚಿತ್ರ ತೆಗೆದು ಕನ್ನಡದಲ್ಲಿ ಪುಸ್ತಕ ಬರೆದವರು.

ಕೊನೆಗೆ ನನ್ನ ಕೆರೆಯ ಮಾತು. 2025ರ ಬೇಸಿಗೆಗೆ ಮೊದಲು ಅದರ ಪಾಲುದಾರರಾದ ನಾವು ಎಂಟು ಮನೆಯವರು ಸೇರಿ ಒಂದು ಕಲ್ಲು ನೆಟ್ಟೆವು. ಸಾಲದ ಪ್ರಶ್ನೆ ಕೇಳಿದ ಸದಸ್ಯರೇ ಗುಂಡಿ ತೋಡಲು ಹಾರೆ ತಂದರು. ಏಪ್ರಿಲ್ ಕೊನೆಯ ವಾರದವರೆಗೂ ಅಡವಿ ಗದ್ದೆಗೊರವಗಳು ಅಂಚಿನಲ್ಲಿದ್ದವು. ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ. ದಿಬ್ಬದ ಮೇಲೆ ಟಿಟ್ಟಿಭ ಮತ್ತೆ ಕುಳಿತಿತು. ಮೇ ತಿಂಗಳಲ್ಲಿ ಮೂರು ಮರಿಗಳು ತಾಯಿ ಕೂಗಿದೊಡನೆ ಕೆಸರಿಗೆ ಅಂಟಿಕೊಂಡು ಮಣ್ಣಿನ ಹೆಂಟೆಯಂತೆ ಬಿದ್ದುಕೊಳ್ಳುವುದನ್ನು ಏರಿಯ ಮೇಲಿಂದ ಆ ಸದಸ್ಯರೇ ನನಗೆ ತೋರಿಸಿದರು. "ನಾಲ್ಕನೆಯದು ಎಲ್ಲಿ ಹೋಯಿತೋ ಕಾಣೆ ಸ್ವಾಮೀ, ದಿನಾ ಎಣಿಸುತ್ತಾ ಇದ್ದೇನೆ" ಎಂದರು.

ಈ ವರ್ಷ ನಿಮ್ಮ ಕೆರೆಯಲ್ಲೂ ಕಲ್ಲು ನೆಡುವಿರಾದರೆ ಸಂಘದ ಕಚೇರಿಗೆ ಒಂದು ಮಾತು ತಿಳಿಸಿ. ಜೂನ್ ಸಂಚಿಕೆಯಲ್ಲಿ ಎಲ್ಲರ ಭಾನುವಾರದ ಟಿಪ್ಪಣಿಗಳನ್ನು ಸೇರಿಸಿ ಪ್ರಕಟಿಸೋಣ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ